ಕೋಳಿ ಸಾರ್

ಬೆಂಗಳೂರು, ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಮಂಡ್ಯದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಮಗ ಅಮೆರಿಕದಲ್ಲಿ. ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಮಿಕ್ಕ ಆರಡಿಗೆ ‘ಹಿತ್ತಲು’ ಎಂದು ಹೆಸರಿಟ್ಟಿದ್ದಾರೆ. ಹಿತ್ತಲು ಅಂದಮೇಲೆ ಕೋಳಿ ಬೇಡವೆ? ಬೀದಿಯ ಹುಡುಗರು ಕರೆಯುವುದು ‘ಕೋಳಿ ಸಾರ್’ ಎಂದೇ. ಅವರಿಗದು ಹಿಡಿಸದು. ಕೇಳಿದೊಡನೆ ಮುದ್ದೆಯ ನೆನಪಾಗುತ್ತದಂತೆ.

ನವೆಂಬರಿನಲ್ಲಿ ಜಿಕೆವಿಕೆ ಕೃಷಿ ಮೇಳಕ್ಕೆ ಕರಿಬೇವಿನ ಸಸಿ ತರಲೆಂದು ಹೋದವರು ಕೋಳಿ ಮಳಿಗೆಯ ಮುಂದೆ ಕರಗಿಹೋಗುತ್ತಾರೆ. ವಾರ ಕಳೆಯುವುದರೊಳಗೆ ರಟ್ಟಿನ ಡಬ್ಬಿಯಲ್ಲಿ ಹನ್ನೆರಡು ಗಿರಿರಾಜ ಮರಿ ಮನೆಗೆ ಬರುತ್ತವೆ. ಈ ತಳಿ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹುಟ್ಟಿದ್ದು ಎಂಬುದನ್ನು ಬಂದವರಿಗೆಲ್ಲ ಹೇಳುತ್ತಾರೆ, ಮಗ ಓದಿದ ಕಾಲೇಜಿನ ಹೆಸರು ಹೇಳಿದ ಹಾಗೆಯೇ.

ಏಳನೇ ದಿನ ಕೊಕ್ಕರೆ ರೋಗದ ಲಸಿಕೆ, ಕಣ್ಣಿಗೊಂದು ಹನಿ. ಇರುವುದು ಹನ್ನೆರಡು ಮರಿ, ಸೀಸೆಯಲ್ಲಿರುವುದು ನೂರಾರು ಮರಿಗಾಗುವಷ್ಟು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಕಾಲಕ್ಕೆ ಸಾಲ ಕೇಳಿ ಬಂದವರನ್ನು ಆರು ತಿಂಗಳು ಅಲೆಸಿದ ಮನುಷ್ಯ, ಐಸು ತುಂಬಿದ ಥರ್ಮಾಸು ಹಿಡಿದು ಸ್ಕೂಟರಿನಲ್ಲಿ ಮನೆಮನೆ ಅಲೆಯುತ್ತಾರೆ: “ನಿಮ್ಮಲ್ಲಿ ಕೋಳಿಮರಿ ಇದೆಯೇನ್ರೀ?”

ಮೊಟ್ಟೆ ಬರುತ್ತದೆ, ಇಲ್ಲವೆನ್ನುವಂತಿಲ್ಲ. ನೆರೆಯವರಿಗೆಲ್ಲ ಎರಡೆರಡು ಹಂಚುತ್ತಾರೆ. ಪಂಜರ, ಜಾಲರಿ, ಮೇವು, ಔಷಧಿ ಸೇರಿದರೆ ಒಂದು ಮೊಟ್ಟೆ ಎಷ್ಟಕ್ಕೆ ಬಿತ್ತು? ಮೂರು ದಶಕ ಊರಿನ ಲೆಕ್ಕವನ್ನೆಲ್ಲ ತಪಾಸಣೆ ಮಾಡಿದವರು ಈ ಒಂದು ಲೆಕ್ಕದ ತಂಟೆಗೆ ಹೋಗುವುದಿಲ್ಲ. ಮನೆಯವರು ಬಿಡಬೇಕಲ್ಲ? “ನಿಮ್ಮವ್ವ ಮಂಕರಿ ಕವುಚಿ ಹತ್ತು ಕೋಳಿ ಸಾಕಿದಾಗ ಮನೆಗೆ ದುಡ್ಡು ಬರ್ತಿತ್ತು. ನೀವು ಸಾಕಿದ್ರೆ ಹೋಗ್ತದೆ.”

ಇಷ್ಟಕ್ಕೇ ನಿಂತಿದ್ದರೆ ಈ ಲೇಖನ ಬೇಕಿರಲಿಲ್ಲ. ಮರಿ ಮಾಡಿಸುವ ಆಸೆ ಹತ್ತುತ್ತದೆ. ಗಿರಿರಾಜ ಹೇಂಟೆಗೆ ಕಾವು ಕೂರುವ ಗುಣವಿಲ್ಲ. ಸರಿ, ಊರಿಂದ ಒಂದು ನಾಟಿ ಹೇಂಟೆ ಬಸ್ಸಿನಲ್ಲಿ ಬರುತ್ತದೆ. ಇಪ್ಪತ್ತೊಂದು ದಿನ ಮನೆಯಲ್ಲಿ ಮಿಕ್ಸಿ ಹಾಕುವಂತಿಲ್ಲ. ರಾತ್ರಿ ಮೊಬೈಲ್ ಟಾರ್ಚಿಗೆ ಮೊಟ್ಟೆ ಹಿಡಿದು ಒಳಗೆ ನರ ಮೂಡಿದೆಯೇ ಎಂದು ನೋಡುತ್ತಾರೆ. ಅದರ ಫೋಟೊ ಅಮೆರಿಕಕ್ಕೂ ಹೋಗುತ್ತದೆ. ಮರಿಗಳೇನೋ ಒಡೆದು ಬರುತ್ತವೆ. ಎರಡು ತಿಂಗಳಾಗುವ ಹೊತ್ತಿಗೆ ಒಂದೊಂದರ ಜುಟ್ಟೂ ಕೆಂಪೇರತೊಡಗಿದಾಗ ಸಾರ್ ಮುಖ ಕಪ್ಪಾಗುತ್ತದೆ. ಹತ್ತರಲ್ಲಿ ಆರು ಹುಂಜ!

ಹುಂಜ ಬೆಳಗಾದಾಗ ಕೂಗುತ್ತದೆ ಎಂದು ನಂಬಿದವರು ಹುಂಜದ ಪಕ್ಕದ ಮನೆಯಲ್ಲಿ ಇದ್ದವರಲ್ಲ. ಬೀದಿದೀಪ ಹತ್ತಿದರೆ ಕೂಗು, ಹಾಲಿನ ವ್ಯಾನು ಬಂದರೆ ಕೂಗು, ಒಂದು ಕೂಗಿತೆಂದು ಇನ್ನೈದು. ರಾತ್ರಿ ಪಾಳಿ ಮುಗಿಸಿ ಎರಡು ಗಂಟೆಗೆ ಬರುವ ಪಕ್ಕದ ಮನೆಯ ಸಾಫ್ಟ್‌ವೇರ್ ಹುಡುಗ ಸಂಘದ ಸಭೆಯಲ್ಲಿ ಎದ್ದು ನಿಲ್ಲುತ್ತಾನೆ: “ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತೆ ಅಂತ ನೀವೇ ಹೇಳಿದ್ರಲ್ಲ, ಅಂಕಲ್?” ಹೇಳಿದ್ದರು. ಮೊಟ್ಟೆ ಕೊಡುವಾಗ ಭಾಷಣವನ್ನೂ ಕೊಟ್ಟಿದ್ದರು.

ಕೊಯ್ಯಬಹುದಲ್ಲ ಎನ್ನುತ್ತೀರಿ. ಆರಕ್ಕೂ ತಮ್ಮನ್ನು ಕಾಡಿದ ರೀಜನಲ್ ಮ್ಯಾನೇಜರುಗಳ ಹೆಸರಿಟ್ಟಿದ್ದಾರೆ. ಆದರೂ ಕೈ ಬರುವುದಿಲ್ಲ. ಹಾಗೆಂದು ಸಸ್ಯಾಹಾರಿಯಲ್ಲ. ಭಾನುವಾರ ಫಾರಂ ಕೋಳಿ ಅಂಗಡಿಯ ಸಾಲಿನಲ್ಲಿ ಮೊದಲು ನಿಲ್ಲುವವರೇ ಅವರು. ಕೇಳಿದರೆ, “ಅದರ ಹೆಸರು ನನಗೆ ಗೊತ್ತಿಲ್ವಲ್ಲ” ಎನ್ನುತ್ತಾರೆ. ಇದಕ್ಕಿಂತ ಪ್ರಾಮಾಣಿಕ ಉತ್ತರವನ್ನು ನಾನು ಯಾವ ದಯಾಮಯಿಯ ಬಾಯಲ್ಲೂ ಕೇಳಿಲ್ಲ.

ಹಾಗಾಗಿ ಹುಂಜಗಳಿಗೆ ಮನೆ ಹುಡುಕುವ ಕೆಲಸ. ಬಂದವರನ್ನು ಕೂರಿಸಿ, ಕಾಫಿ ಕೊಟ್ಟು ವಿಚಾರಣೆ: ತೋಟ ಎಷ್ಟು ಎಕರೆ? ನಾಯಿ ಕಟ್ಟಿ ಹಾಕುತ್ತೀರಾ? ಮುಂಗುಸಿ ಕಾಟ ಉಂಟೆ? ಮನೆಗೆ ನೆಂಟರು ಜಾಸ್ತಿಯೊ? ಕೊನೆಗೆ ಹುಂಜವನ್ನೇ ಕೈಗೆ ಕೊಟ್ಟು ಸುಮ್ಮನೆ ನೋಡುತ್ತಾರೆ. ಬೆನ್ನು ಸವರಿದವನು ಪಾಸು. ಕಾಲು ಹಿಡಿದೆತ್ತಿ ತೂಕ ನೋಡಿದವನು, ತೊಡೆ ಅಮುಕಿದವನು ಫೇಲು. ಯುಗಾದಿ ಹತ್ತಿರವಾಗುವಾಗ ಎಲ್ಲರಿಗೂ ಹುಂಜದ ಮೇಲೆ ಅಕ್ಕರೆ ಉಕ್ಕುವುದರಿಂದ, ವರ್ಷತೊಡಕು ಕಳೆಯುವವರೆಗೆ ವಿಚಾರಣೆಯೇ ಬಂದ್.

ಕೊಟ್ಟಮೇಲೂ ಋಣ ಹರಿಯದು. ವಾರವಾರ ಫೋನು. ಒಮ್ಮೆ ಮದ್ದೂರಿನ ತೋಟದವರೊಬ್ಬರಿಗೆ ಮಾಡಿ, “ಹೇಗಿದ್ದಾನೆ ನಮ್ಮವನು?” ಎಂದು ಕೇಳಿದರು.

“ಭಾಳ ಚೆನ್ನಾಗಿತ್ತು ಸಾರ್.”

ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವೆಂದು ಮನೆಯವರೇ ಹೇಳಿದರು.

ಸದ್ಯಕ್ಕೆ ಇನ್ನೂ ನಾಲ್ಕು ರೀಜನಲ್ ಮ್ಯಾನೇಜರುಗಳು ಹಿತ್ತಲಲ್ಲಿ ಉಳಿದಿದ್ದಾರೆ. ಬೇಕಾದವರು ಸಂಜೆ ಐದರ ಮೇಲೆ ಗೇಟು ತಟ್ಟಬಹುದು. ಬೆನ್ನು ಸವರಿ, ಕಾಲು ಮುಟ್ಟಬೇಡಿ. ಮುಂದೆ ಏನೇ ಆಗಿರಲಿ, ಸಾರ್ ಫೋನ್ ಮಾಡಿದಾಗ ದಯವಿಟ್ಟು ವರ್ತಮಾನ ಕಾಲದಲ್ಲೇ ಉತ್ತರ ಕೊಡಿ.