ಪಕ್ಕದ ಟೇಬಲ್ಲಿನ ಚುಕ್ಕಿ

(ಬೆಂಗಳೂರಿನ ಬಾಡಿಗೆ ಮನೆ. ರಾತ್ರಿ ಹನ್ನೊಂದು. ಅಳಿಯ ಲ್ಯಾಪ್‌ಟಾಪ್ ಮುಂದೆ. ಮಂಡ್ಯದಿಂದ ಬಂದ ಸೋದರಮಾವ ನಿವೃತ್ತ ಪೋಸ್ಟ್‌ಮ್ಯಾನ್.)

ಮಾವ: ಮುದ್ದೆ ಆರೋಗ್ತಾ ಇದೆ ಕಣ್ಲಾ. ಏನದು ಅಂಥಾ ಕೆಲಸ?

ಅಳಿಯ: ನಮ್ಮ ಕಂಪ್ಯೂಟರ್‌ಗಳ ಕ್ಲಸ್ಟರ್‌ನಲ್ಲಿ ಡಿಎನ್‌ಎಸ್ ತೊಂದರೆ ಮಾವ. ಒಂದೊಂದು ಸಲ ಉತ್ತರ ಬರೋಕೆ 5 ಸೆಕೆಂಡ್ ಹಿಡೀತಿದೆ.

ಮಾವ: 5 ಸೆಕೆಂಡಾ! ನಾನು ಮನಿಯಾರ್ಡರ್ ನಾಲ್ಕು ದಿನ ತಡವಾಗಿ ತಂದ್ರೂ ಕಾಫಿ ಕೊಡ್ತಿದ್ರು.

ಅಳಿಯ: ಇಲ್ಲಿ ಬೈಗುಳ ಕೊಡ್ತಾರೆ. ಪಾಡ್ ಅಂದ್ರೆ ಓಡ್ತಿರೋ ಪ್ರೋಗ್ರಾಂ. ಅಂಥ ನೂರಾರು ಪಾಡ್‌ಗಳಿಗೆ ಹೆಸರು ನೋಡಿ ಐಪಿ ವಿಳಾಸ ಹೇಳೋದು ಕೋರ್‌ಡಿಎನ್‌ಎಸ್. ನಮ್ಮಲ್ಲಿರೋದು ಎರಡೇ ಎರಡು.

ಮಾವ: ಊರ ತುಂಬಾ ಕಾಗದ, ಇಬ್ಬರೇ ಪೋಸ್ಟ್‌ಮ್ಯಾನು. ಗೊತ್ತು ಬಿಡು.

ಅಳಿಯ: ಕೇಳೋರೂ ನೆಟ್ಟಗೆ ಕೇಳಲ್ಲ. ಹೆಸರಲ್ಲಿ ಐದು ಚುಕ್ಕಿಗಿಂತ ಕಮ್ಮಿ ಇದ್ರೆ, ನಮ್ಮ ಕ್ಲಸ್ಟರ್‌ದೇ ಇರಬೇಕು ಅಂತ ಬಾಲ ಅಂಟಿಸಿ ಮೂರು ಸಲ ಹುಡುಕ್ತಾರೆ. ಮೂರು ಸಲಾನೂ 'ಇಲ್ಲ' ಅನ್ನಿಸ್ಕೊಂಡ ಮೇಲೆ ನಿಜವಾದ ಹೆಸರು ಹಿಡ್ಕೊಂಡು ಬರ್ತಾರೆ.

ಮಾವ: ಕವರ್ ಮೇಲೆ ದೆಹಲಿ ಅಂತ ಬರೆದಿದ್ರೂ ಮೊದಲು ನಮ್ಮ ಬೀದಿ, ಆಮೇಲೆ ನಮ್ಮೂರು, ಆಮೇಲೆ ತಾಲ್ಲೂಕು ಸುತ್ತೋದು?

ಅಳಿಯ: ಹ್ಞೂಂ. ಅದೂ ಐಪಿವಿ4ಗೆ ಒಂದು ಸುತ್ತು, ಐಪಿವಿ6ಗೆ ಒಂದು ಸುತ್ತು. ಒಂದು ಹೆಸರಿಗೆ ಎಂಟು ಪ್ರಶ್ನೆ! ಎಲ್ಲಾ ಯುಡಿಪಿಯಲ್ಲಿ. ದಾರೀಲಿ ಕಳೆದುಹೋದ್ರೆ 5 ಸೆಕೆಂಡ್ ಕಾದು ಮತ್ತೆ ಕೇಳ್ಬೇಕು.

ಮಾವ: ಸಾದಾ ಅಂಚೆ. ಕಳೆದ್ರೆ ಕಳೀತು.

ಅಳಿಯ: ಅದಕ್ಕೇ ಈಗ ಪ್ರತಿ ಕಂಪ್ಯೂಟರ್, ಅಂದ್ರೆ ಪ್ರತಿ ನೋಡ್‌ನಲ್ಲೂ ನೋಡ್‌ಲೋಕಲ್ ಡಿಎನ್‌ಎಸ್ ಕ್ಯಾಶ್ ಹಾಕ್ತಿದೀನಿ. ಎಲ್ಲಾ ಕಡೆ ಒಂದೇ ವಿಳಾಸ, 169.254.20.10.

ಮಾವ: ಎಲ್ಲಾ ಮನೆಗೂ ಒಂದೇ ಡೋರ್ ನಂಬರಾ? ಯಾವನ್ಲಾ ಅದನ್ನ ಪಾಸ್ ಮಾಡ್ದೋನು?

ಅಳಿಯ: ಆ ವಿಳಾಸ ಆಯಾ ಕಂಪ್ಯೂಟರ್ ಬಿಟ್ಟು ಆಚೆ ಹೋಗಲ್ಲ ಮಾವ. ಉತ್ತರ ಅಲ್ಲೇ ಸಿಗತ್ತೆ. ಕ್ಲಸ್ಟರ್ ಒಳಗಿನ ಹೆಸರು ಅಲ್ಲಿ ಇಲ್ದಿದ್ರೆ ಮಾತ್ರ ಕೋರ್‌ಡಿಎನ್‌ಎಸ್‌ವರೆಗೂ ಹೋಗತ್ತೆ, ಅದೂ ಟಿಸಿಪಿಯಲ್ಲಿ.

ಮಾವ: ರಿಜಿಸ್ಟರ್ಡ್ ಪೋಸ್ಟು ಅನ್ನು. ಒಂದ್ಸಲ ಕೇಳಿದ ವಿಳಾಸ ಎಷ್ಟು ವರ್ಷ ನೆನಪಿರತ್ತೆ?

ಅಳಿಯ: ಕ್ಲಸ್ಟರ್ ಒಳಗಿಂದು ಹೆಚ್ಚೆಂದ್ರೆ 30 ಸೆಕೆಂಡ್. 'ಇಲ್ಲ' ಅಂದಿದ್ದು 5 ಸೆಕೆಂಡ್.

ಮಾವ: ಥೂ! ನಾನು ರಿಟೈರಾದ್ರೂ ಬೀದಿಬೀದಿ ಬಾಯಲ್ಲಿದೆ.

ಅಳಿಯ: ನಿಮ್ಮ ಬೀದೀಲಿ ಜನ ಮನೆ ಬಿಡ್ತಿರ್ಲಿಲ್ಲ. ಇಲ್ಲಿ ಪಾಡ್ ಯಾವಾಗ ಸಾಯತ್ತೋ, ಎಲ್ಲಿ ಹುಟ್ಟತ್ತೋ! ಹಳೇದು ನೆನಪಿದ್ರೇನೇ ಅಪಾಯ. ಆದ್ರೂ ಆ 5 ಸೆಕೆಂಡಿನ ನೆನಪೂ ಲಾಭಾನೇ, ಅಷ್ಟರಲ್ಲೇ ಸಾವಿರ ಸಲ ಕೇಳಿರ್ತಾರೆ.

ಮಾವ: ಆ ಮೂರು ಸುಳ್ಳು ಸುತ್ತು ನಿಲ್ಸೋಕೇ ಆಗಲ್ವಾ?

ಅಳಿಯ: ಆಗತ್ತೆ. ಹೆಸರಿನ ಕೊನೇಲಿ ಒಂದು ಚುಕ್ಕಿ ಇಟ್ರೆ ಸಾಕು, ಬಾಲ ಅಂಟಲ್ಲ.

ಮಾವ: ಇಟ್ಟು ಎದ್ದು ಬಾರಪ್ಪ ಮತ್ತೆ!

ಅಳಿಯ: ಆ ಕೋಡ್ ಬೇರೆ ಟೀಮ್‌ದು. ಟಿಕೆಟ್ ಹಾಕಿದೀನಿ. ಮುಂದಿನ ತಿಂಗಳು ನೋಡ್ತಾರಂತೆ.

ಮಾವ: ಚುಕ್ಕಿಗಾ? ಎಲ್ಲಿದಾರೆ ಅವರು, ಅಮೆರಿಕದಲ್ಲಾ?

ಅಳಿಯ: ಇಲ್ಲ ಮಾವ. ನನ್ನ ಪಕ್ಕದ ಟೇಬಲ್ಲು.