ಇನ್ನೊಂದು ತುದಿಯ 24 ರನ್

ಕಂಪನಿಯ ವಾರ್ಷಿಕ ಸಭೆಯಲ್ಲಿ ಮಧ್ಯಾಹ್ನದ ಊಟ ಮುಗಿದು, ಬಿಸಿಬೇಳೆಬಾತು ಕಣ್ಣಿಗೇರುವ ಹೊತ್ತಿಗೆ ಸರಿಯಾಗಿ ವೇದಿಕೆಗೆ ಜಿಗಿಯುವವನೇ ಮಾಜಿ ಆಟಗಾರ, ಹಾಲಿ ಸ್ಫೂರ್ತಿ ಭಾಷಣಕಾರ. ಮೆಟ್ಟಿಲಿದ್ದರೂ ಹತ್ತುವುದಿಲ್ಲ, ಜಿಗಿಯುತ್ತಾನೆ. ಮೇಲೆ ಕೋಟು, ಕಾಲಲ್ಲಿ ಓಟದ ಶೂ, ಕೆನ್ನೆಗೆ ಅಂಟಿಕೊಂಡ ಮೈಕು. ಪರಿಚಯದಲ್ಲಿ ‘ರಾಜ್ಯವನ್ನು ಪ್ರತಿನಿಧಿಸಿದವರು’ ಎಂದಿರುತ್ತದೆ. ಎಷ್ಟು ಪಂದ್ಯ, ಎಷ್ಟು ರನ್ ಎಂಬ ಮಾತು ಬರುವುದಿಲ್ಲ. ಎಲ್ಲರನ್ನೂ ಎಬ್ಬಿಸಿ ನಿಲ್ಲಿಸುತ್ತಾನೆ, ಪಕ್ಕದವರ ಬೆನ್ನು ತಟ್ಟಿಸುತ್ತಾನೆ, ‘ಉತ್ಸಾಹ ಇದೆಯಾ?’ ಎಂದು ಮೂರು ಸಲ ಕೇಳುತ್ತಾನೆ. ಮೂರನೆಯ ಸಲ ಉತ್ತರ ಜೋರಾಗಿಯೇ ಬರುತ್ತದೆ. ಇಲ್ಲದಿದ್ದರೆ ನಾಲ್ಕನೆಯ ಸಲ ಕೇಳಿಯಾನೆಂಬ ಭಯ. ಈತ ಕೆಟ್ಟವನಲ್ಲ. ಈತನ ಮೇಲಿರುವ ದೂರು ಒಂದೇ: ಆಟ ತನಗೆ ಕಲಿಸಿದ್ದನ್ನು ಮನೆಯಲ್ಲಿ ಬಿಟ್ಟು, ಕಲಿಸದೇ ಇದ್ದದ್ದನ್ನು ನಮಗೆ ಹೇಳಲು ಬರುತ್ತಾನೆ.

ಸಾಕ್ಷಿಗೆ ಈತನ ಜೋಳಿಗೆಯಲ್ಲಿ ತಪ್ಪದೇ ಇರುವ ಕಥೆಯನ್ನೇ ನೋಡಿ. 1983ರ ಜೂನ್ 18, ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್, ವಿಶ್ವಕಪ್, ಎದುರಿಗೆ ಜಿಂಬಾಬ್ವೆ. ಐದು ವಿಕೆಟ್ ಬಿದ್ದಾಗ ಭಾರತ ಬರೀ 17. ಅಲ್ಲಿಂದ ಕಪಿಲ್ ದೇವ್ ಔಟಾಗದೆ 175. ಆ ಪಂದ್ಯದ ವಿಡಿಯೊ ಇಲ್ಲದಿರುವುದು ಭಾಷಣಕಾರರ ಕುಲಕ್ಕೆ ಸಿಕ್ಕ ವರ. ಪ್ರತಿ ಸಭೆಯಲ್ಲೂ ಸಿಕ್ಸರು ಹತ್ತು ಗಜ ಹೆಚ್ಚು ದೂರ ಬೀಳುತ್ತದೆ. ‘ಒಬ್ಬನೇ! ಒಬ್ಬನೇ ನಿಂತ!’ ಎಂದು ಈತ ಬೆರಳೆತ್ತುತ್ತಾನೆ. ಕ್ರಿಕೆಟ್ಟಿನಲ್ಲಿ ಒಬ್ಬನೇ ನಿಲ್ಲಲು ನಿಯಮವೇ ಬಿಡುವುದಿಲ್ಲ. ಕರ್ನಾಟಕದ ರೋಜರ್ ಬಿನ್ನಿ 22 ರನ್ ಮಾಡಿ ಮೊದಲ ಆಸರೆ ಕೊಟ್ಟರು. ಕೊನೆಗೆ ಕರ್ನಾಟಕದವರೇ ಆದ ಸೈಯದ್ ಕಿರ್ಮಾನಿ ಬಂದು, ಮುರಿಯದ ಒಂಬತ್ತನೆಯ ವಿಕೆಟ್ ಜೊತೆಯಾಟಕ್ಕೆ 126 ರನ್ ಸೇರುವವರೆಗೂ ಕದಲಲಿಲ್ಲ. ಅದರಲ್ಲಿ ಅವರದು 24. ಸಭೆಯಲ್ಲಿ ಕೂತ ಇನ್ನೂರು ಮಂದಿಯಲ್ಲಿ ಕಪಿಲ್ ಆಗುವವರು ಒಬ್ಬರೋ ಇಬ್ಬರೋ. ಉಳಿದವರು ದಿನಾ ಮಾಡುತ್ತಿರುವುದು ಕಿರ್ಮಾನಿಯ ಕೆಲಸ. ಅವರಿಗೆ ಬೇಕಾದದ್ದು 24ರ ಕಥೆ, ಸಿಗುವುದು 175ರ ಕಥೆ.

ಎರಡನೆಯ ಕಥೆ ಅನಿಲ್ ಕುಂಬ್ಳೆಯವರದು. 2002, ಆಂಟಿಗುವಾ ಟೆಸ್ಟ್, ದವಡೆ ಮುರಿದಿದ್ದರೂ ತಲೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಹಾಕಿ ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದರು. ಕೈಮುಗಿಯಬೇಕಾದ ಸಂಗತಿಯೇ. ಆದರೆ ಈತ ಇಲ್ಲಿ ಒಮ್ಮೆ ನಿಂತು, ‘ದವಡೆ ಮುರಿದವರೇ ಬಂದರು, ನೀವು ನೆಗಡಿಗೆ ರಜೆ ಕೇಳುತ್ತೀರಲ್ಲ?’ ಎನ್ನುತ್ತಾನೆ. ಮುಂದಿನ ಸಾಲಿನ ಮ್ಯಾನೇಜರ್ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ. ಆ ಟೆಸ್ಟ್ ಡ್ರಾ ಆಯಿತೆಂಬುದನ್ನು ಈತ ಹೇಳುವುದಿಲ್ಲ. ಕುಂಬ್ಳೆಯವರು ಆಮೇಲೆ ಸರಣಿ ಬಿಟ್ಟು ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ವಿಮಾನ ಹತ್ತಿದರೆಂಬುದನ್ನಂತೂ ಹೇಳುವುದೇ ಇಲ್ಲ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಅವರೂ ರಜೆ ಹಾಕಿದರು.

ನನ್ನ ಈ ದೂರಿಗೆ ಆಕ್ಷೇಪಗಳುಂಟು. ಜನಕ್ಕೆ ಹುರುಪು ಬರುತ್ತದಲ್ಲ, ಸಾಲದೇ ಎನ್ನಬಹುದು. ಬರುತ್ತದೆ, ಒಂದು ಲೋಟ ಫಿಲ್ಟರ್ ಕಾಫಿಯಿಂದಲೂ ಬರುತ್ತದೆ, ಅದಕ್ಕೆ ಯಾರೂ ಎದ್ದು ನಿಂತು ಪಕ್ಕದವರ ಬೆನ್ನು ತಟ್ಟಬೇಕಿಲ್ಲ. ಶಿಸ್ತು, ಅಭ್ಯಾಸ, ತಾಳ್ಮೆಯನ್ನು ಆಟಗಾರನಷ್ಟು ಬಲ್ಲವರು ಯಾರು ಎಂದು ಕೇಳಬಹುದು. ನಿಜ, ದೂರಿನ ಮೂಲವೂ ಅದೇ. ವಿಂಬಲ್ಡನ್ ಸಿಂಗಲ್ಸ್ ಕಣದಲ್ಲಿ 128 ಮಂದಿ, ಕಪ್ ಹಿಡಿಯುವವರು ಒಬ್ಬರು. ಉಳಿದ 127 ಮಂದಿ ಕಪ್ಪಿಲ್ಲದೆ ಮನೆಗೆ. ಸೋತು, ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಮರುದಿನ ಬೆಳಿಗ್ಗೆ ಮತ್ತೆ ಮೈದಾನಕ್ಕೆ ಹೋಗುವ ವಿದ್ಯೆಯಲ್ಲಿ ಆಟಗಾರ ಪಂಡಿತ. ಆ ಪಾಂಡಿತ್ಯವನ್ನು ಬಚ್ಚಿಟ್ಟು ‘ಸೋಲೆಂಬ ಪದವೇ ನನ್ನ ನಿಘಂಟಿನಲ್ಲಿಲ್ಲ’ ಎಂದರೆ, ಆ ನಿಘಂಟಿನಲ್ಲಿ ಹಾಳೆಗಳೇ ಹರಿದಿವೆ ಎಂದರ್ಥ.

ಸೋಲಿನ ಕಥೆಗೆ ಯಾರು ದುಡ್ಡು ಕೊಡುತ್ತಾರೆ ಎಂಬುದು ಕೊನೆಯ ಆಕ್ಷೇಪ, ಬಹುಶಃ ಈತನದೇ. 1960ರ ರೋಮ್ ಒಲಿಂಪಿಕ್ಸಿನ 400 ಮೀಟರ್ ಓಟದಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರು. 1984ರ ಲಾಸ್ ಏಂಜಲೀಸಿನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಿಂದ ಕಂಚು ತಪ್ಪಿಸಿಕೊಂಡು ನಾಲ್ಕನೆಯವರು. ಆ ಎರಡು ಓಟಗಳನ್ನು ಈ ದೇಶ ಇವತ್ತಿಗೂ ಮರೆತಿಲ್ಲ. ಮಿಲ್ಖಾ ಅವರ ಬದುಕಿನ ಸಿನಿಮಾಕ್ಕೆ 2013ರಲ್ಲಿ ಜನ ಟಿಕೆಟ್ ಕೊಂಡೇ ಹೋದರು. ಹಾಗಾಗಿ ಭಾಷಣಕಾರ ಮಹಾಶಯ, ಮುಂದಿನ ಸಲ ಮೆಟ್ಟಿಲು ಹತ್ತಿಕೊಂಡೇ ಬಾ. ರಾಜ್ಯ ತಂಡದಿಂದ ನಿನ್ನನ್ನು ಕೈಬಿಟ್ಟ ದಿನ ಮನೆಗೆ ಹೇಗೆ ಹೋದೆ, ಅದನ್ನು ಹೇಳು. ಬಿಸಿಬೇಳೆಬಾತು ಎಷ್ಟೇ ಎಳೆದರೂ ಎಚ್ಚರವಾಗಿದ್ದು ಕೇಳುತ್ತೇವೆ.