ಇಪ್ಪತ್ತಮೂರನೆಯವರು

ವಿಪತ್ತು ನಿರ್ವಹಣೆಯ ಶಿಕ್ಷಣಾರ್ಥಿಗಳನ್ನು ಅಧ್ಯಯನ ಪ್ರವಾಸಕ್ಕೆಂದು ವಿದೇಶಕ್ಕೆ ಕರೆದೊಯ್ದು, ಒಯ್ದಷ್ಟೇ ಮಂದಿಯನ್ನು ಹಿಂದಕ್ಕೆ ಕರೆತರುವ ಭಾರವು ನನ್ನ ಹೆಗಲಿಗೆ ಬಿದ್ದುದು ನನ್ನ ಯೋಗ್ಯತೆಯಿಂದಲ್ಲ. ಆ ಕಡತವು ನಮ್ಮ ಸಂಸ್ಥೆಯಲ್ಲಿ ಮೇಜಿನಿಂದ ಮೇಜಿಗೆ ಸಂಚರಿಸುತ್ತಿದ್ದ ಕಾಲದಲ್ಲಿ ಉಳಿದವರೆಲ್ಲರೂ ಸಮಯವರಿತು ರಜೆಯ ಮೇಲೆ ತೆರಳಿದ್ದು, ಕುರ್ಚಿಯಲ್ಲಿ ಕುಳಿತಿದ್ದವನು ನಾನೊಬ್ಬನೇ ಆಗಿದ್ದುದರಿಂದ. ವಿಪತ್ತಿನ ಸುಳಿವನ್ನು ಮುಂಚಿತವಾಗಿ ಗ್ರಹಿಸಿ ಸುರಕ್ಷಿತ ಸ್ಥಳಕ್ಕೆ ಹೋಗಿ ಸೇರುವುದೇ ಈ ಶಾಸ್ತ್ರದ ಪ್ರಥಮ ಸೂತ್ರವೆಂದು ನಾನು ತರಗತಿಯಲ್ಲಿ ಎಷ್ಟೋ ಸಲ ಬೋಧಿಸಿದ್ದೆನಾದರೂ, ಅದನ್ನು ಆಚರಣೆಗೆ ತಂದವರು ನನ್ನ ಸಹೋದ್ಯೋಗಿಗಳು.

ಹೋಗಬೇಕಾಗಿದ್ದುದು ಜಪಾನಿನ ಕೋಬೆ ನಗರಕ್ಕೆ. 1995ನೆಯ ಇಸವಿ ಜನವರಿ 17ರಂದು, ಬೆಳಗಿನ 5 ಗಂಟೆ 46 ನಿಮಿಷಕ್ಕೆ, ಆ ನಗರವನ್ನೂ ಅದರ ಎದುರಿನ ಅವಾಜಿ ದ್ವೀಪವನ್ನೂ ಅಲುಗಿಸಿ 6,400ಕ್ಕೂ ಹೆಚ್ಚು ಮಂದಿಯ ಪ್ರಾಣವನ್ನು ಕೊಂಡೊಯ್ದ ಭೂಕಂಪದ ಸ್ಮರಣೆಗಾಗಿ 2002ರಲ್ಲಿ ತೆರೆದ ವಸ್ತುಸಂಗ್ರಹಾಲಯವೊಂದು ಅಲ್ಲಿದೆ. ಈ ಶಾಸ್ತ್ರದವರಿಗೆ ಅದೊಂದು ಪುಣ್ಯಕ್ಷೇತ್ರ. ಕಾಶಿಗೆ ಹೋಗಿಬಂದವರು ಹೋಗದವರನ್ನು ನೋಡುವಂತೆಯೇ ಕೋಬೆಗೆ ಹೋಗಿಬಂದವರು ಉಳಿದವರನ್ನು ತುಸು ಮರುಕದಿಂದ ನೋಡುತ್ತಾರೆ. ಆದರೆ ಹಣಕಾಸಿನ ಶಾಖೆಯವರಿಗೆ ಕ್ಷೇತ್ರಮಹಾತ್ಮ್ಯದಲ್ಲಿ ನಂಬಿಕೆಯಿಲ್ಲ. "ಕರ್ನಾಟಕದಲ್ಲಿ ಭೂಕಂಪವು ವಿರಳವಾದುದರಿಂದ ಈ ಪ್ರವಾಸದ ಅವಶ್ಯಕತೆಯನ್ನು ಸಮರ್ಥಿಸುವುದು" ಎಂದು ಅವರು ಕಡತದ ಅಂಚಿನಲ್ಲಿ ಬರೆದರು. ನಾನು ಎರಡು ರಾತ್ರಿ ನಿದ್ದೆಗೆಟ್ಟು, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ನೆಲ ನಡುಗಿದಾಗ ನಮ್ಮ ಕಲಬುರಗಿ ಬೀದರಿನವರೂ ಬೆಚ್ಚಿ ಎದ್ದುದನ್ನು, ಕೋಬೆಯಲ್ಲಿ ಜನ ಸತ್ತುದು ಬಹುಪಾಲು ಭಾರವಾದ ಹೆಂಚು ಹೊತ್ತ ಹಳೆಯ ಮರದ ಮನೆಗಳು ಕುಸಿದಿದ್ದರಿಂದಲೂ ಲಾತೂರಿನಲ್ಲಿ ಸತ್ತುದು ಕಲ್ಲುಮಣ್ಣಿನ ದಪ್ಪ ಗೋಡೆಗಳು ಉರುಳಿದ್ದರಿಂದಲೂ ಎಂಬುದನ್ನು, ಅಂದರೆ ಮನುಷ್ಯನನ್ನು ಕೊಲ್ಲುವುದು ನೆಲವಲ್ಲ, ತಾನೇ ಕಟ್ಟಿಕೊಂಡ ಸೂರು ಎಂಬ ತತ್ತ್ವವನ್ನು, ನಾಲ್ಕು ಪುಟಗಳಲ್ಲಿ ನಿರೂಪಿಸಿ ಕಳುಹಿಸಿದೆನು. ಅದರ ಕೆಳಗೆ ಒಂದೇ ಸಾಲಿನ ಉತ್ತರ ಬಂದಿತು: "ಹಾಗಾದರೆ ಲಾತೂರಿಗೆ ಬಸ್ಸಿನಲ್ಲಿ ಹೋಗಿಬರಬಾರದೇಕೆ?"

ನಿಜವಾಗಿ ಹೇಳುವುದಾದರೆ ಈ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ನೆರೆಮನೆಯ ನಿವೃತ್ತ ಮೇಷ್ಟರಂತೂ ಇನ್ನೂ ಹತ್ತಿರದ ದಾರಿಯನ್ನು ತೋರಿಸಿದರು. "ವಿಪತ್ತು ನೋಡುವುದಕ್ಕೆ ಅಷ್ಟು ದೂರ ಯಾಕೆ ಸ್ವಾಮಿ? ಜೋರಾಗಿ ಮಳೆ ಬಂದ ಒಂದು ಸಂಜೆ ನಮ್ಮ ಬೀದಿಯ ಕೊನೆಗೆ ಬಂದು ನಿಂತುಕೊಳ್ಳಿ, ಸಾಕು."

ಮೇಲಿನವರಾರೋ ಒಪ್ಪಿದರು, ಕಡತ ಇಳಿದು ಬಂದಿತು. ನಿರಾಕ್ಷೇಪಣಾ ಪತ್ರ, ಪಾಸ್‌ಪೋರ್ಟು, ವೀಸಾ, ವಿಮೆ, ದಿನಭತ್ಯೆ, ಶಾಕಾಹಾರ, ಈರುಳ್ಳಿಯನ್ನೂ ತಿನ್ನದ ಶಾಕಾಹಾರ, ಇವುಗಳ ಕಥೆಯನ್ನು ಓದುಗರು ತಮ್ಮ ಅನುಭವದಿಂದಲೇ ತುಂಬಿಕೊಳ್ಳಬಹುದು. ನನಗೆ ಹಿಡಿದಿದ್ದ ಹುಚ್ಚು ಬೇರೆ. ಜಪಾನಿನ ಶಾಲೆಗಳಲ್ಲಿ ಮಕ್ಕಳಿಗೆ ಆಪತ್ಕಾಲದಲ್ಲಿ ಹೊರಬರುವ ಕ್ರಮವನ್ನು "ಓಹಾಶಿ" ಎಂಬ ಮೂರಕ್ಷರದ ಮಂತ್ರದಿಂದ ಕಲಿಸುತ್ತಾರೆಂದು ಓದಿದ್ದೆನು: ತಳ್ಳಬೇಡ, ಓಡಬೇಡ, ಮಾತನಾಡಬೇಡ ಎಂಬ ಮೂರು ಮಾತುಗಳ ಮೊದಲಕ್ಷರಗಳು ಸೇರಿ ಅವರ ಭಾಷೆಯಲ್ಲಿ ಊಟದ ಕಡ್ಡಿಗಳೆಂಬ ಅರ್ಥವನ್ನು ಕೊಡುತ್ತವಂತೆ. ಈ ಮಂತ್ರವನ್ನು ನಮ್ಮ 21 ಮಂದಿಗೆ ಬೆಂಗಳೂರಿನಲ್ಲಿಯೇ ಉಪದೇಶಿಸಿದಾಗ, ಗೃಹರಕ್ಷಕ ದಳದವರೊಬ್ಬರು ಎದ್ದು ನಿಂತು, "ತಳ್ಳದೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವುದು ಹೇಗೆ ಸಾರ್?" ಎಂದು ಅತ್ಯಂತ ವಿನಯದಿಂದ ಕೇಳಿದರು. ನಾನು ಮೂರನೆಯ ಅಕ್ಷರವನ್ನು ಜ್ಞಾಪಿಸಿ ಅವರನ್ನು ಕೂರಿಸಿದೆನು.

ಇನ್ನು ಎಣಿಕೆಯ ವಿಚಾರ. ಮುಖಂಡನಾದವನ ಮುಖ್ಯ ಕರ್ತವ್ಯ ತಲೆಗಳನ್ನು ಎಣಿಸುವುದೆಂದು ನಾನು ದೃಢವಾಗಿ ನಂಬಿದ್ದೆನಾಗಿ, ಪ್ರತಿ ನಿಲ್ದಾಣದಲ್ಲಿ, ಪ್ರತಿ ಊಟದ ಮೊದಲು ಮತ್ತು ನಂತರ, ತೋರುಬೆರಳನ್ನು ಚಾಚಿ ಎಲ್ಲರನ್ನೂ ಎಣಿಸುತ್ತಿದ್ದೆನು. "ಮನುಷ್ಯರನ್ನು ಹಾಗೆ ಬೆರಳಿಟ್ಟು ಎಣಿಸಬೇಡಿ, ದೃಷ್ಟಿಯಾಗುತ್ತದೆ" ಎಂದು ಮನೆಯಲ್ಲಿ ಹೇಳಿಯೇ ಕಳುಹಿಸಿದ್ದರು. ಆದರೆ ಜಪಾನಿನ ರೈಲ್ವೆ ನೌಕರರು ದೀಪವನ್ನೂ ಬಾಗಿಲನ್ನೂ ಗಡಿಯಾರವನ್ನೂ ಬೆರಳಿಟ್ಟು ತೋರಿಸಿ, ಬಾಯಿಬಿಟ್ಟು ಘೋಷಿಸಿದಲ್ಲದೆ ಮುಂದಿನ ಕೆಲಸಕ್ಕೆ ಕೈಹಾಕುವುದಿಲ್ಲವೆಂಬುದನ್ನು ಕಣ್ಣಾರೆ ಕಂಡ ಮೇಲೆ ನನ್ನ ಬೆರಳಿಗೆ ಶಾಸ್ತ್ರದ ಬೆಂಬಲವೇ ದೊರೆತಂತಾಯಿತು.

ನಾಲ್ಕನೆಯ ದಿನ ವಸ್ತುಸಂಗ್ರಹಾಲಯದ ದರ್ಶನ. ಇವಾಯ ಎಂಬ ಸಣ್ಣ ನಿಲ್ದಾಣದ ಮುಂದೆ ಬೆಳಿಗ್ಗೆ 9-30ಕ್ಕೆ ದುಭಾಷಿಯಾದ ಮಹಿಳೆ ನಮ್ಮನ್ನು ಸೇರುವುದೆಂದೂ, ಅಲ್ಲಿಂದ ಸಮುದ್ರದ ಕಡೆಗೆ ಹತ್ತು ನಿಮಿಷ ನಡೆಯುವುದೆಂದೂ ಏರ್ಪಾಡು. ನಮ್ಮವರ ಸ್ವಭಾವವನ್ನು ಬಲ್ಲ ನಾನು ಒಂದು ಗಂಟೆಯನ್ನು ಕಳ್ಳಲೆಕ್ಕದಲ್ಲಿ ಸೇರಿಸಿ ಹೊರಡುವ ವೇಳೆಯನ್ನು ತಿಳಿಸಿದ್ದೆನು. ಆ ದೇಶದ ನೀರು ಕುಡಿದ ಪ್ರಭಾವವೋ ಏನೋ, ಅಂದು ಒಬ್ಬೊಬ್ಬರೂ ಹೇಳಿದ ನಿಮಿಷಕ್ಕೆ ಹಾಜರಾಗಿ ನನಗೆ ದ್ರೋಹ ಬಗೆದರು. ಹೀಗಾಗಿ ಎಂಟೂವರೆಗೇ, ಫೆಬ್ರವರಿಯ ಕೊರೆಯುವ ಚಳಿಯಲ್ಲಿ, ಜಿಟಿಜಿಟಿ ಮಳೆಯಲ್ಲಿ, ನಾವು ಆ ನಿಲ್ದಾಣದ ಮುಂದೆ ಸಾಲಾಗಿ ನಿಂತಿದ್ದೆವು. ಎಲ್ಲರ ಮೈಮೇಲೂ ಹಿಂದಿನ ಸಂಜೆ ಅಂಗಡಿಯೊಂದರಲ್ಲಿ ಸಗಟಾಗಿ ಕೊಂಡ ಬಿಳಿಯ ಪ್ಲಾಸ್ಟಿಕ್ ಮಳೆಯಂಗಿ, ಮುಖಕ್ಕೆ ಬಿಳಿಯ ಮಾಸ್ಕು, ಕೈಯಲ್ಲಿ ಪಾರದರ್ಶಕವಾದ ಕೊಡೆ. ಕುಂಭಮೇಳಕ್ಕೆ ಹೊರಟ ಪ್ರೇತಗಳ ದಿಂಡಿಯಂತೆ ಕಾಣುತ್ತಿದ್ದೆವೆಂದರೆ ಅತಿಶಯೋಕ್ತಿಯಾಗದು.

ಹಾಜರಿ ಹಾಳೆಯನ್ನು ಸಹಿಗಾಗಿ ಸಾಲಿನುದ್ದಕ್ಕೂ ಕಳುಹಿಸಿ, ನಾನು ಎಣಿಸಿದೆನು: 22. ನಮ್ಮ ಗುಂಪಿನ ಒಟ್ಟು ಸಂಖ್ಯೆಯೂ 22. ಆಹಾ ಎಂದುಕೊಂಡು ಬೆರಳನ್ನು ಜೇಬಿಗಿಳಿಸಿದೆನು. ಆಗ ಉತ್ತರ ಕರ್ನಾಟಕದ ತಹಶೀಲ್ದಾರರಾಗಿದ್ದ ಹೆಣ್ಣುಮಗಳೊಬ್ಬರು, "ಸರ, ನಿಮ್ಮನ್ನ ನೀವು ಎಣಿಸಿಕೊಂಡ್ರ್ಯಾ?" ಎಂದು ಕೇಳಿಬಿಟ್ಟರು.

ಹೊಳೆ ದಾಟಿದ ಹತ್ತು ಜನ ಮೂಢರ ಕಥೆಯನ್ನು ವೇದಾಂತಿಗಳು ಹೇಳುತ್ತಾರಷ್ಟೆ. ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಒಂಬತ್ತೇ ಬಂದಿತೆಂದು, ಹತ್ತನೆಯವನು ಮುಳುಗಿದನೆಂದು ಗೋಳಾಡುತ್ತಾನೆ. ದಾರಿಹೋಕನೊಬ್ಬನು ಬಂದು ಹತ್ತನೆಯವನು ನೀನೇ ಎಂದು ತೋರಿಸಿದಾಗ ಶೋಕವು ಪರಿಹಾರವಾಗುತ್ತದೆ. ಆ ಮೂಢರಿಗಿಂತ ನಾನು ಒಂದು ಮೆಟ್ಟಿಲು ಕೆಳಗಿನವನು. ಅವರು ತಮ್ಮನ್ನು ಮರೆತು ಅತ್ತರು, ನಾನು ನನ್ನನ್ನು ಮರೆತು ಹಿಗ್ಗಿದೆನು. ನನಗಾದರೋ ಆತ್ಮಜ್ಞಾನವಾದ ಕ್ಷಣದಲ್ಲಿಯೇ ಶೋಕವು ಪ್ರಾರಂಭವಾಯಿತು. ನನ್ನನ್ನು ಸೇರಿಸಿದರೆ 23!

ಕಡಮೆಯಾದರೆ ಏನು ಮಾಡಬೇಕೆಂಬುದಕ್ಕೆ ನಮ್ಮಲ್ಲಿ ಸಿದ್ಧವಾದ ವಿಧಿಯಿದೆ, ನಮೂನೆಯಿದೆ. ನಮೂನೆಯಲ್ಲಿ "ಕಾಣೆಯಾದವರು" ಎಂಬ ಅಂಕಣವಿದೆ. "ಹೆಚ್ಚಾದವರು" ಎಂಬ ಅಂಕಣವನ್ನು ಪ್ರಪಂಚದ ಯಾವ ಸರ್ಕಾರವೂ ಅಚ್ಚುಹಾಕಿಸಿದಂತೆ ಕಾಣೆ. ಮತ್ತೆ ಎಣಿಸಿದೆನು, ಸಾಲಿನ ಬಾಲದಿಂದ ತಲೆಯ ಕಡೆಗೆ, 23. ಗುಂಪಿನಲ್ಲಿದ್ದ ಪಶುವೈದ್ಯರು, ಬೆರಳಿನ ಎಣಿಕೆ ಪಟ್ಟಣದವರ ಪದ್ಧತಿಯೆಂದೂ, ಕುರಿಗಳನ್ನು ದೊಡ್ಡಿಯ ಬಾಗಿಲಲ್ಲಿ ಒಂದೊಂದಾಗಿ ಹಾಯಿಸಿ ಎಣಿಸುವುದೇ ತಪ್ಪಿಲ್ಲದ ಕ್ರಮವೆಂದೂ ಸೂಚಿಸಿದರು. ಅಗ್ನಿಶಾಮಕ ದಳದ ಅಧಿಕಾರಿಯೂ ನಾನೂ ಎದುರುಬದುರಾಗಿ ಕೊಡೆಗಳನ್ನು ಹಿಡಿದು ನಿಂತು ಬಾಗಿಲಾದೆವು. ಸಾಲು ನಮ್ಮ ನಡುವೆ ಗಂಭೀರವಾಗಿ ಹಾಯತೊಡಗಿತು. ರೈಲಿಗೆ ಅವಸರದಿಂದ ಬರುತ್ತಿದ್ದ ಇಬ್ಬರು ಶಾಲಾ ಬಾಲಕಿಯರು ಇದಾವುದೋ ಹೊಸ ನಿಯಮವಿರಬೇಕೆಂದು ಭಾವಿಸಿ, ತಲೆಬಾಗಿಸಿ, ತಾವೂ ಬಾಗಿಲಿನ ಮೂಲಕವೇ ಹಾದುಹೋದರು. ಬಾಗಿಲುಗಳಾದ ನಾವಿಬ್ಬರೂ ಸೇರಿ ಲೆಕ್ಕವು 25ಕ್ಕೆ ಏರಿತು. ವಿಪತ್ತು ಬೆಳೆಯುತ್ತಿತ್ತು.

ಕಡೆಗೆ ಅಗ್ನಿಶಾಮಕದವರು ತಮ್ಮ ಕವಾಯತಿನ ಧ್ವನಿಯನ್ನು ತೆಗೆದು, "ಎಲ್ಲರೂ ತಮ್ಮ ತಮ್ಮ ಸಂಖ್ಯೆ ಕೂಗಿ!" ಎಂದು ಆಜ್ಞಾಪಿಸಿದರು. ಒಂದು, ಎರಡು, ಮೂರು ಎಂದು ಕಾರವಾರದ ಮೂಗಿನಿಂದಲೂ ಮಂಗಳೂರಿನ ಪುಸ್ತಕದಿಂದಲೂ ಬೆಳಗಾವಿಯ ಎದೆಯಿಂದಲೂ ಸಂಖ್ಯೆಗಳು ಹೊರಟು, ಇವಾಯ ನಿಲ್ದಾಣವು ಹಿಂದೆಂದೂ ಕೇಳದ ಕನ್ನಡವು ಮಳೆಯಲ್ಲಿ ಮೊಳಗಿ, ಕೊನೆಯದಾಗಿ ಗೃಹರಕ್ಷಕರು "ಇಪ್ಪತ್ತೊಂದು!" ಎಂದು ಗರ್ಜಿಸಿದರು. ಮೌನ. ಅವರ ಬೆನ್ನ ಹಿಂದಿನಿಂದ ಬಹು ಮೃದುವಾಗಿ ಒಂದು ಧ್ವನಿ ಬಂದಿತು: "ಹಾಯ್."

ನಮ್ಮ ಕಾಲೇಜು ಹುಡುಗರು ಕೈಬೀಸುತ್ತ ಹೇಳುವ ಹಾಯ್ ಅಲ್ಲ ಅದು. ಅಪ್ಪಣೆಯೆಂಬ ಅರ್ಥದ ಜಪಾನೀ ಹಾಯ್. ಮಾಸ್ಕು ಕೆಳಗಿಳಿಯಿತು. ಎಪ್ಪತ್ತು ದಾಟಿದ ಒಬ್ಬ ವೃದ್ಧರು, ಸೊಂಟದವರೆಗೆ ಬಾಗಿ ನಮಸ್ಕರಿಸಿದರು.

ನಾನು ಮಾಡಿದ್ದನ್ನು ಹೇಳಿಕೊಳ್ಳಲು ಈಗಲೂ ಕಿವಿ ಬಿಸಿಯಾಗುತ್ತದೆ. ಪಾಪ, ಯಾರೋ ಮುದುಕರು, ಸಾಲು ಕಂಡಲ್ಲಿ ನಿಲ್ಲುವ ದೇಶಾಚಾರದಿಂದ ತಪ್ಪಿ ನಿಂತಿದ್ದಾರೆ ಎಂದುಕೊಂಡು, ಅವರ ಮೊಣಕೈಯನ್ನು ಹಿಡಿದು ನಿಲ್ದಾಣದ ಬಾಗಿಲಿನವರೆಗೆ ನಡೆಸಿ, ರೈಲಿನ ದಿಕ್ಕನ್ನು ಬೆರಳಿಟ್ಟು ತೋರಿಸಿ, ನಮಸ್ಕರಿಸಿ ಬಂದೆನು. ಅವರೂ ನಮಸ್ಕರಿಸಿದರು. ನಾನು ತಿರುಗಿ ನೋಡುವಷ್ಟರಲ್ಲಿ ಸಾಲಿನ ಕೊನೆಯಲ್ಲಿದ್ದರು. ಎರಡನೆಯ ಸಲ ಕಳುಹಿಸಿದೆನು; ಬಂದರು. ಮೂರನೆಯ ಸಲ ಬೀಳ್ಕೊಡುಗೆಯ ಕಾಣಿಕೆಯೆಂಬಂತೆ ಒಂದು ಮೈಸೂರುಪಾಕಿನ ಪೊಟ್ಟಣವನ್ನೂ ಕೊಟ್ಟು ಕಳುಹಿಸಿದೆನು. ಅದನ್ನು ಎರಡು ಕೈಗಳಿಂದ ಸ್ವೀಕರಿಸಿ, ಕಣ್ಣಿಗೊತ್ತಿಕೊಂಡು, ಪೊಟ್ಟಣದ ಸಮೇತ ಬಂದು ನಿಂತರು.

ಗಡಿಯಾರದ ಮುಳ್ಳು 9-30ನ್ನು ಮುಟ್ಟಿತು, ದುಭಾಷಿ ಬಂದರು, ಬಂದವರು ನನ್ನನ್ನು ದಾಟಿಕೊಂಡು ನೇರವಾಗಿ ಸಾಲಿನ ಕೊನೆಗೆ ಹೋಗಿ ಆ ವೃದ್ಧರಿಗೆ ಆಳವಾಗಿ ನಮಿಸಿದರು. ಅಂದು ನಮಗೆ ಭೂಕಂಪದ ಕಥನವನ್ನು ಹೇಳಬೇಕಾಗಿದ್ದವರು ಅವರೇ. ಆ ದುರಂತದಲ್ಲಿ ಬದುಕುಳಿದವರು ಬಂದವರಿಗೆ ತಮ್ಮ ಅನುಭವವನ್ನು ಹೇಳುವ ಸೇವೆಯೊಂದು ಅಲ್ಲಿ ನಡೆಯುತ್ತದೆ. ಅತಿಥಿಗಳನ್ನು ಮಳೆಯಲ್ಲಿ ತಾವೇ ಎದುರುಗೊಳ್ಳಬೇಕೆಂದು ಅವರು ಬೇಗನೆ ಬಂದಿದ್ದರು. ಬಂದು ನೋಡಿದರೆ ಅಭ್ಯಾಸ ನಡೆಯುತ್ತಿದೆ. ಅಭ್ಯಾಸದ ಕಾಲದಲ್ಲಿ ತಳ್ಳಬಾರದು, ಓಡಬಾರದು, ಮಾತನಾಡಬಾರದು. ಮೂರನ್ನೂ ಪಾಲಿಸಿದವರು ಆ ಸಾಲಿನಲ್ಲಿ ಅವರೊಬ್ಬರೇ.

ವಸ್ತುಸಂಗ್ರಹಾಲಯದ ವಿವರಕ್ಕೆ ನಾನು ಹೋಗುವುದಿಲ್ಲ. ಆ 5 ಗಂಟೆ 46 ನಿಮಿಷವನ್ನು ಬೆಳಕಿನಿಂದಲೂ ಸದ್ದಿನಿಂದಲೂ ಮರಳಿ ತೋರಿಸುವ ಕೋಣೆಯಿಂದ ಹೊರಬಂದಾಗ ನಮ್ಮವರು ಯಾರೂ ಮಾತನಾಡಲಿಲ್ಲ, ಮಂತ್ರದ ಬಲದಿಂದಲ್ಲ. ಅನಂತರ ವೃದ್ಧರು ಒಂದು ಸಣ್ಣ ಕುರ್ಚಿಯ ಮೇಲೆ ಕುಳಿತು, ಮೈಸೂರುಪಾಕಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಬೀದಿಯ ಕಥೆಯನ್ನು ಹೇಳಿದರು. ದೀಪಗಳಿಲ್ಲದ ಕತ್ತಲಲ್ಲಿ ಬೀದಿಗೆ ಬಂದವರು ಒಬ್ಬರನ್ನೊಬ್ಬರು ಎಣಿಸಿಕೊಂಡರಂತೆ. ಎಷ್ಟು ಸಲ ಎಣಿಸಿದರೂ ಕಡಮೆ. ಅವಶೇಷಗಳಿಂದ ಹೊರತೆಗೆದ ಬಹುಮಂದಿಯನ್ನು ತೆಗೆದವರು ಮನೆಯವರು, ನೆರೆಯವರು. ಸರ್ಕಾರದ ವಾಹನಗಳು ಎಲ್ಲಿಗೆಂದು ಹೋದಾವು? ಅವಾಜಿ ದ್ವೀಪದ ಹೊಕುದಾನ್ ಎಂಬ ಊರಿನಲ್ಲಿ ಯಾವ ಮನೆಯ ಅಜ್ಜಿ ಯಾವ ಕೋಣೆಯಲ್ಲಿ ಮಲಗುವರೆಂಬುದು ಊರಿನವರಿಗೆ ಗೊತ್ತಿತ್ತು. ಆದುದರಿಂದ ಎಲ್ಲಿ ಅಗೆಯಬೇಕೆಂದು ಅವರು ಯಾರನ್ನೂ ಕೇಳಬೇಕಾಗಲಿಲ್ಲ. ಇಷ್ಟನ್ನು ಹೇಳಿ, ನನ್ನ ಕಡೆಗೆ ತಿರುಗಿ ನಗುತ್ತ, "ಲೆಕ್ಕ ಹೆಚ್ಚಾಗಿ ಬಂದುದನ್ನು ನಾನು ಕಂಡದ್ದು ಇವತ್ತೇ ಮೊದಲು" ಎಂದರು.

ತರುವಾಯ ದುಭಾಷಿಯ ಮೂಲಕ ನನ್ನನ್ನು ಒಂದು ಮಾತು ಕೇಳಿದರು. ಸಾಲಿನಲ್ಲಿ ತಮ್ಮ ಮುಂದೆ ನಿಂತಿದ್ದವರು ಎಡಗಾಲನ್ನು ಎಳೆದು ಹಾಕುತ್ತಿದ್ದರಲ್ಲ, ಅವರಿಗೆ ಪೆಟ್ಟಾಗಿದೆಯೆ?

ಗೃಹರಕ್ಷಕರ ಕಾಲು! ನಾಲ್ಕು ದಿನಗಳಿಂದ ದಿನಕ್ಕೆ ಹದಿನೈದು ಸಲ ಆ ತಲೆಯನ್ನು ಬೆರಳಿಟ್ಟು ಎಣಿಸಿದ್ದ ನಾನು ಅದರ ಕೆಳಗಿನ ಕಾಲನ್ನು ನೋಡಿರಲಿಲ್ಲ. ವಿಚಾರಿಸಿದಾಗ, ಪ್ರವಾಸಕ್ಕೆಂದು ಸಾಲ ಮಾಡಿ ಕೊಂಡ ಹೊಸ ಬೂಟು ಮೊದಲ ದಿನವೇ ಕಚ್ಚಿ ಹಿಮ್ಮಡಿಯ ಚರ್ಮವೆಲ್ಲ ಕಿತ್ತುಬಂದಿದ್ದುದು ತಿಳಿಯಿತು. "ಹೇಳಬಾರದಾಗಿತ್ತೇನಯ್ಯಾ?" ಎಂದರೆ, "ಮಾತಾಡಬಾರದು ಅಂದಿದ್ದಿರಲ್ಲಾ ಸಾರ್" ಎಂದರು. ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ಇಂದಿಗೂ ನಿಶ್ಚಯವಾಗಿಲ್ಲ. ಉಳಿದ ಎರಡು ದಿನ ಅವರು ಹೋಟೆಲಿನ ಚಪ್ಪಲಿಯಲ್ಲಿಯೇ ಕೋಬೆಯ ವಿಪತ್ತು ನಿರ್ವಹಣೆಯನ್ನು ಅಧ್ಯಯನ ಮಾಡಿದರು.

ಹಿಂದಿರುಗಿ ವರದಿ ಸಲ್ಲಿಸಿದೆನು. ಯಾರೂ ಓದಲಿಲ್ಲ, ವರದಿಗಳ ಧರ್ಮವೇ ಅದು. ಹಾಜರಿ ಹಾಳೆಗಳನ್ನು ಮಾತ್ರ ಲೆಕ್ಕಪರಿಶೋಧಕರು ಕೂಲಂಕಷವಾಗಿ ಓದಿದರು. ನಾಲ್ಕನೆಯ ದಿನದ ಹಾಳೆಯ ಕೊನೆಯಲ್ಲಿ, ಕೈಗೆ ಬಂದ ಹಾಳೆಗೆ ಸಹಿ ಮಾಡಿ ಮುಂದಕ್ಕೆ ಕೊಡುವುದು ಅಭ್ಯಾಸದ ಭಾಗವೆಂದು ತಿಳಿದು, ವೃದ್ಧರು ಸೊಗಸಾದ ಜಪಾನೀ ಅಕ್ಷರಗಳಲ್ಲಿ ತಮ್ಮ ಹೆಸರನ್ನು ಬರೆದಿದ್ದರು. "ಕ್ರಮಸಂಖ್ಯೆ 23ರ ಸಹಿಯು ಓದಲು ಬಾರದಿರುವುದರಿಂದ ಸದರಿಯವರ ಹುದ್ದೆ, ಇಲಾಖೆ ಹಾಗೂ ವಿದೇಶ ಪ್ರಯಾಣದ ಅನುಮತಿ ಆದೇಶದ ಸಂಖ್ಯೆಯನ್ನು ಒದಗಿಸುವುದು" ಎಂದು ಆಕ್ಷೇಪಣೆ ಬಂದಿತು. ಸದರಿಯವರು ನಮ್ಮ ತಂಡದವರಲ್ಲವೆಂದು ಬರೆದೆನು. ಹದಿನೈದು ದಿನಗಳಲ್ಲಿ ಕಡತ ಹಿಂದಕ್ಕೆ ಬಂದಿತು: "ತಂಡದವರಲ್ಲದಿದ್ದಲ್ಲಿ ಸಾಲಿನಲ್ಲಿ ನಿಂತಿದ್ದ ಬಗ್ಗೆ ವಿವರಣೆ ನೀಡುವುದು."

ಮೂರು ಸಲ ವಿವರಣೆ ಬರೆದು ಮೂರು ಸಲವೂ ಹರಿದುಹಾಕಿದ್ದೇನೆ. ಮೊನ್ನೆ ಎರಡನೆಯ ಜ್ಞಾಪನಪತ್ರ ಬಂದಿದೆ.